ಸ್ಯಾಂಡ್‌ವಿಕೆನ್ನಿನ ಕೊಸರು ಎಣ್ಣೆ

ಅಕ್ಟೋಬರ್‌ನ ಒಂದು ಶನಿವಾರ ಬೆಳಿಗ್ಗೆ ಎಂಟೂವರೆಗೆ ನಾನು ಮತ್ತು ನನ್ನ ಗಂಡ ಗಿರೀಶ ಸ್ವೀಡನ್ನಿನ ಸುಂಡ್‌ಬೀಬರ್ಯ್‌ನ ನಮ್ಮ ಬಾಡಿಗೆ ಮನೆಯಿಂದ ಹೊರಟೆವು. 2016ನೇ ಇಸವಿ. ಹೊರಗೆ ನಾಲ್ಕು ಡಿಗ್ರಿ ಚಳಿ, ಜಿಟಿಜಿಟಿ ಮಳೆ. ಕಾರು ಓಡಿಸುತ್ತಿದ್ದವಳು ನಾನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ನಡೆದದ್ದನ್ನು ಓದಿದರೆ ಆ ಕಾರು ಯಾರದು ಎಂದು ಯಾರಿಗಾದರೂ ಅನುಮಾನ ಬರಬಹುದು. ಕಾರು ನನ್ನದು. ನನ್ನ ಸಂಬಳದಲ್ಲಿ, ನನ್ನ ಹೆಸರಿನಲ್ಲಿ ಕೊಂಡದ್ದು, ಬಂದು ಎರಡು ತಿಂಗಳೂ ಆಗಿರಲಿಲ್ಲ.

ನಮ್ಮೂರಿನ ಲೈಸೆನ್ಸು ಸ್ವೀಡನ್ನಿನಲ್ಲಿ ಒಂದು ವರ್ಷ ಮಾತ್ರ ನಡೆಯುತ್ತದೆ. ಆಮೇಲೆ ಇಲ್ಲಿನ ಪರೀಕ್ಷೆಯನ್ನೇ ಪಾಸು ಮಾಡಬೇಕು. ಜಾರುವ ನೆಲದ ಮೇಲೆ ಗಾಡಿಯನ್ನು ಹತೋಟಿಗೆ ತರುವ ತರಬೇತಿಯೂ ಅದರಲ್ಲಿ ಸೇರಿದೆ. ನಾನು ಪಾಸಾದೆ. ಗಿರೀಶ ಎರಡು ಸಲ ಫೇಲಾಗಿ, ಪರೀಕ್ಷೆಯೇ ಸರಿಯಿಲ್ಲ ಎಂದು ತೀರ್ಮಾನಿಸಿ ಕೂತಿದ್ದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹಾಗಾಗಿ ಆ ಕಾರಿನಲ್ಲಿ ಅವನ ಪಾಲು ಪಕ್ಕದ ಸೀಟು ಮಾತ್ರ.

ಒಂದೇ ಪ್ರಯಾಣದಲ್ಲಿ ಎರಡು ಕೆಲಸ ಮುಗಿಸುವುದು ನಮ್ಮ ಲೆಕ್ಕಾಚಾರ. ಶನಿವಾರ ಸ್ಯಾಂಡ್‌ವಿಕೆನ್‌ನಲ್ಲಿ ನಾಗೇಂದ್ರಣ್ಣನ ಹೊಸ ಮನೆಯ ಗೃಹಪ್ರವೇಶ. ಭಾನುವಾರ ವಾಪಸು ಬರುವಾಗ ದಾರಿಯಲ್ಲೇ ಸಿಗುವ ಆರ್ಲಾಂಡಾ ವಿಮಾನ ನಿಲ್ದಾಣದಲ್ಲಿ ನನ್ನ ಅಕ್ಕನನ್ನು ಕರೆದುಕೊಂಡು ಮನೆಗೆ. ಮಧ್ಯಾಹ್ನ ಎರಡರ ಹೊತ್ತಿಗೆ ಅವಳು ಹೊರಗೆ ಬರುವವಳಿದ್ದಳು.

ಅಕ್ಕ ವಿಮಲಾ ಇರುವುದು ಹಿರಿಯೂರಿನಲ್ಲಿ. ನನಗಿಂತ ಹದಿನಾಲ್ಕು ವರ್ಷ ದೊಡ್ಡವಳು. ಬೆಂಗಳೂರಿಗೂ ಅವಳು ಒಬ್ಬಳೇ ಹೋದವಳಲ್ಲ. ಹೋದವಳಲ್ಲ ಅನ್ನುವುದಕ್ಕಿಂತ, ಬಿಟ್ಟವರಿಲ್ಲ ಅನ್ನುವುದು ಸರಿ. ಭಾವ ಕೆಟ್ಟವರಲ್ಲ, ‘ನಿನಗೆ ಗೊತ್ತಾಗಲ್ಲ, ನಾನೇ ಬರ್ತೀನಿ’ ಅನ್ನುವ ಜಾತಿ. ಆ ಒಂದು ಮಾತಿನಲ್ಲೇ ಅಕ್ಕನ ಅರ್ಧ ಆಯುಷ್ಯ ಕಳೆದಿತ್ತು. ಈ ಸಲ ಅವಳು ಹಟ ಹಿಡಿದಳು. ತಂಗಿಯ ಮನೆಗೆ ಒಬ್ಬಳೇ ಹೋಗುತ್ತೇನೆ, ದೋಹಾದಲ್ಲಿ ವಿಮಾನ ಬದಲಾಯಿಸುವುದನ್ನು ಕಲಿಯುತ್ತೇನೆ ಎಂದಳು. ಭಾವ ತಿಂಗಳುಗಟ್ಟಲೆ ವಾದ ಮಾಡಿ ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಿದರು. ಸುಮಾ, ಅಂದರೆ ನಾನು, ಹೊರಬಾಗಿಲಲ್ಲೇ ನಿಂತಿರಬೇಕು. ಒಂದು ಸಣ್ಣ ಎಡವಟ್ಟಾದರೂ ಒಬ್ಬಳೇ ಹೋಗುವ ಮಾತನ್ನು ಇವಳು ಇನ್ನೆಂದೂ ಎತ್ತಬಾರದು. ಹೊರಡುವ ಹಿಂದಿನ ದಿನ ಅಕ್ಕ ಫೋನಿನಲ್ಲಿ ಮತ್ತೆ ಮತ್ತೆ ಕೇಳಿದ್ದು ಅದೊಂದೇ: ನೀನು ಬಾಗಿಲಲ್ಲಿ ಇರ್ತೀಯಲ್ಲ? ಇರ್ತೀನಿ ಎಂದು ನಾನು ಮಾತು ಕೊಟ್ಟಿದ್ದೆ.

ಸ್ಯಾಂಡ್‌ವಿಕೆನ್‌ಗೆ ನಮ್ಮ ಮನೆಯಿಂದ ನೂರ ತೊಂಬತ್ತು ಕಿಲೋಮೀಟರ್. ಈ-ನಾಲ್ಕು ಹೆದ್ದಾರಿಯಲ್ಲಿ ಉತ್ತರಕ್ಕೆ ಉಪ್ಸಾಲಾ, ತಿಯೆರ್ಪ್ ದಾಟಿ ಯೆವ್ಲೆ ತನಕ ಹೋಗಿ, ಅಲ್ಲಿಂದ ಪಶ್ಚಿಮಕ್ಕೆ ತಿರುಗಬೇಕು. ಪೆಟ್ರೋಲು ಲೀಟರಿಗೆ ಹದಿನಾಲ್ಕು ಕ್ರೋನರ್ ಹತ್ತಿರ ಇತ್ತು. ಉಪ್ಸಾಲಾ ದಾಟಿದ ಮೇಲೆ ಊರುಗಳು ಕಡಿಮೆ, ಕಾಡು ಜಾಸ್ತಿ. ಕಾಡಿನ ದೊಡ್ಡ ಪ್ರಾಣಿಗಳು ರಸ್ತೆಗೆ ನುಗ್ಗದ ಹಾಗೆ ಎರಡೂ ಬದಿಗೆ ಉದ್ದಕ್ಕೂ ತಂತಿಬೇಲಿ. ಬರ್ಚ್ ಮರಗಳ ಹಳದಿ ಎಲೆ ಮುಕ್ಕಾಲು ಉದುರಿತ್ತು. ಒಂದು ಪೆಟ್ರೋಲ್ ಬಂಕಿನಲ್ಲಿ ಕಾಫಿ, ಏಲಕ್ಕಿ ಬನ್ನು ಮುಗಿಸಿ, ಹನ್ನೊಂದಕ್ಕೆ ಮುಂಚೆಯೇ ತಲುಪಿದೆವು.

ಸ್ಯಾಂಡ್‌ವಿಕೆನ್ ಉಕ್ಕಿನ ಊರು. ನಾಗೇಂದ್ರಣ್ಣನೂ ಅಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಲೋಹ ಕೊರೆಯುವ ಉಪಕರಣಗಳ ವಿಭಾಗದಲ್ಲಿ ಎಂಜಿನಿಯರ್. ಬೆಂಗಳೂರಿನವನು, ನಮಗಿಂತ ಎಂಟು ವರ್ಷ ಮೊದಲು ಬಂದವನು. ನಾವು ಸ್ವೀಡನ್ನಿಗೆ ಬಂದ ಹೊಸತರಲ್ಲಿ ಹೊದಿಕೆಯಿಂದ ಹಿಡಿದು ಕುಕ್ಕರಿನ ತನಕ ಕೊಟ್ಟವನು ಅವನೇ. ಅವನ ಹೆಂಡತಿ ಶಾರದಕ್ಕ ಬಡಿಸಲು ನಿಂತರೆ ಎಲೆಗೆ ಕೈ ಅಡ್ಡ ಹಿಡಿದರೂ ಬಿಡುವವಳಲ್ಲ. ಕೊಡುವುದು ಆ ಮನೆಯ ಗುಣ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಬೇಡ ಅಂದರೆ ಕೇಳಿಸದಿರುವುದೂ ಆ ಮನೆಯದೇ ಗುಣ ಎನ್ನುವುದು ನನಗೆ ಗೊತ್ತಾದದ್ದು ಈ ಪ್ರಯಾಣದಲ್ಲಿ.

ಹೋಳಿಗೆ ಊಟ ಮುಗಿದ ಮೇಲೆ ಗಂಡಸರೆಲ್ಲ ಕಾರು ನೋಡಲು ಹೊರಟರು. ಎಷ್ಟು ಓಡಿದೆ ಎಂದು ನಾಗೇಂದ್ರಣ್ಣ ಕೇಳಿದ್ದು ಗಿರೀಶನನ್ನು. ಸಾವಿರದ ನಾನೂರು ಕಿಲೋಮೀಟರ್ ಎಂದು ಉತ್ತರ ಕೊಟ್ಟವಳು ನಾನು. ಆಯಿಲ್ ಬದಲಾಯಿಸಿದ್ದು ಯಾವಾಗ ಎಂದು ಕೇಳಿದ, ಅದೂ ಗಿರೀಶನನ್ನೇ. ಇನ್ನೂ ಇಲ್ಲ ಅಂದೆ. ಅಯ್ಯಯ್ಯೋ ಎಂದು ಹಣೆ ಚಚ್ಚಿಕೊಂಡ. ಹೊಸ ಇಂಜಿನ್ನು ಮೊದಲು ಉಜ್ಜಿಕೊಳ್ಳುವಾಗ ಲೋಹದ ಪುಡಿ ಬಿಡುತ್ತದೆ, ಆ ಪುಡಿ ಎಣ್ಣೆಯಲ್ಲಿ ಸೇರಿ ಒಳಗೆಲ್ಲ ತಿರುಗುತ್ತದೆ, ಸಾವಿರಕ್ಕೆ ಮೊದಲ ಎಣ್ಣೆ ಇಳಿಸದಿದ್ದರೆ ಗಾಡಿಯ ಆಯುಷ್ಯವೇ ಮುಗಿಯಿತು ಎಂದು ಪಾಠ ಮಾಡಿದ. ಅವನ ಮೊದಲ ಸ್ಕೂಟರಿಗೆ ಅವರಪ್ಪ ಐನೂರಕ್ಕೇ ಇಳಿಸಿದ್ದರಂತೆ.

ಆ ಕಾಲದ ಸ್ಕೂಟರಿಗೆ ಅದು ಸರಿಯೇ ಇದ್ದೀತು. ಆದರೆ ನಾನು ಸುಮ್ಮನೆ ಕೂತವಳಲ್ಲ. ಕಾರಿನ ಜೊತೆ ಬಂದ ಪುಸ್ತಕ ಓದಿದ್ದೆ, ನಮ್ಮ ಮನೆ ಹತ್ತಿರದ ಸೋಲ್ನಾದ ವರ್ಕ್‌ಶಾಪಿಗೂ ಹೋಗಿ ಕೇಳಿದ್ದೆ. ಕೌಂಟರಿನಲ್ಲಿದ್ದ ಹೆಂಗಸು ತಾಳ್ಮೆಯಿಂದ ವಿವರಿಸಿದ್ದಳು. ಈ ಇಂಜಿನ್ನಿಗೆ ಮೊದಲ ಸಲ ಎಣ್ಣೆ ಬದಲಾಯಿಸುವುದು ಹದಿನೈದು ಸಾವಿರ ಕಿಲೋಮೀಟರಿಗೆ ಅಥವಾ ಒಂದು ವರ್ಷಕ್ಕೆ, ಯಾವುದು ಮೊದಲೋ ಅದಕ್ಕೆ. ಬದಲಾಯಿಸುವಾಗ ಫಿಲ್ಟರನ್ನೂ ಬದಲಾಯಿಸಬೇಕು. ಅಲ್ಲಿಯವರೆಗೆ ನನ್ನ ಕೆಲಸ ಒಂದೇ. ಆಗಾಗ ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಇಂಜಿನ್ ಆರಿಸಿ, ಎಣ್ಣೆ ಕೆಳಗಿಳಿಯಲು ಹತ್ತು ನಿಮಿಷ ಬಿಟ್ಟು, ಅಳತೆಕಡ್ಡಿ ಎಳೆದು ನೋಡುವುದು. ಕಡ್ಡಿಯ ಮೇಲೆ ಎರಡು ಗೆರೆ ಇವೆ, ಎಣ್ಣೆ ಅವೆರಡರ ನಡುವೆ ಇದ್ದರೆ ಸಾಕು. ಇದನ್ನೆಲ್ಲ ನಾಗೇಂದ್ರಣ್ಣನಿಗೆ ಹೇಳಿದೆ. ಅವರು ಹಾಗೇ ಹೇಳ್ತಾರೆ ಬಿಡು ಎಂದು ನಕ್ಕ. ಕೊನೆಗೆ ನಾನು ಬಿಡಿಸಿ ಹೇಳಿದೆ.

“ನಾಗೇಂದ್ರಣ್ಣ, ಈಗ ಬೇಡ. ಟೈಮ್ ಬಂದಾಗ ವರ್ಕ್‌ಶಾಪಲ್ಲೇ ಮಾಡಿಸ್ತೀನಿ.”

ಆಯ್ತಮ್ಮ ಆಯ್ತು ಅಂದ. ಒಳಗೆ ಕರೆದುಕೊಂಡು ಹೋಗಿ ಇನ್ನೊಂದು ಹೋಳಿಗೆ ಹಾಕಿಸಿದ. ಮಾತು ಮುಗಿಯಿತು ಎಂದುಕೊಂಡೆ.

ಭಾನುವಾರ ಬೆಳಿಗ್ಗೆ ಮಳೆ ನಿಂತು, ಹುಲ್ಲಿನ ಮೇಲೆ ತೆಳ್ಳಗೆ ಹಿಮ ಕೂತಿತ್ತು. ತಿಂಡಿ ಆದ ಮೇಲೆ ಶಾರದಕ್ಕ ಕೆರೆ ತೋರಿಸುತ್ತೇನೆ ಬಾ ಎಂದು ಕರೆದುಕೊಂಡು ಹೋದಳು. ಅಲ್ಲಿಯ ಕೆರೆ ದೊಡ್ಡದು, ಆಚೆ ದಡ ಸರಿಯಾಗಿ ಕಾಣಿಸಲಿಲ್ಲ. ಬೆಂಚಿನ ಮೇಲೆ ಕೂತು ಫ್ಲಾಸ್ಕಿನ ಕಾಫಿ ಕುಡಿದೆವು. ಶಾರದಕ್ಕ ತನ್ನ ಅತ್ತಿಗೆಯ ಕಥೆಯನ್ನೆಲ್ಲ ಹೇಳಿ ಮುಗಿಸಿದಳು. ಒಂದು ಗಂಟೆ ಬಿಟ್ಟು ಮನೆಗೆ ಬಂದರೆ, ಗ್ಯಾರೇಜಿನ ಮುಂದೆ ನನ್ನ ಕಾರು ಎರಡು ಕಬ್ಬಿಣದ ಇಳಿಜಾರು ಹಲಗೆಗಳ ಮೇಲೆ ಮೂತಿ ಎತ್ತಿಕೊಂಡು ನಿಂತಿತ್ತು. ಕೆಳಗೆ ಒಂದು ಬೋಗುಣಿ ತುಂಬ ಎಣ್ಣೆ. ಪಕ್ಕದಲ್ಲಿ ಗಿರೀಶ ಕೈಯಲ್ಲಿ ಟೀ ಲೋಟ ಹಿಡಿದು, ಮದುವೆ ಮನೆಯಲ್ಲಿ ಅಡುಗೆ ಭಟ್ಟರ ಹತ್ತಿರ ನಿಂತವನ ಹಾಗೆ ಖುಷಿಯಾಗಿದ್ದ.

ನನಗೆ ಮೈಯೆಲ್ಲ ಉರಿದುಹೋಯಿತು. ಯಾರನ್ನು ಕೇಳಿ ಮಾಡಿದಿರಿ ಅಂದೆ.

“ಗಿರೀಶನ್ನ ಕೇಳ್ದೆ. ಮಾಡಿ ಅಂದ,” ಎಂದ ನಾಗೇಂದ್ರಣ್ಣ, ಕೈ ಒರೆಸಿಕೊಳ್ಳುತ್ತಾ.

ಗಿರೀಶನನ್ನು ಕೇಳಿದರಂತೆ! ಆ ಗಾಡಿಯ ಸ್ಟೇರಿಂಗ್ ಮುಟ್ಟಲೂ ಕಾನೂನಿನ ಪ್ರಕಾರ ಅರ್ಹತೆ ಇಲ್ಲದ ಗಿರೀಶನನ್ನು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ನಾನು ಬೇಡ ಎಂದದ್ದು ಅವನ ಎದುರಿಗೇ ತಾನೇ? ಕೇಳಿದರೆ, ಪಾಪ ಅಣ್ಣ ಅಷ್ಟು ಪ್ರೀತಿಯಿಂದ ಹೇಳುವಾಗ ಹೇಗೆ ಬೇಡ ಅನ್ನಲಿ ಎಂದ. ನಾನು ಬೇಡ ಅಂದದ್ದನ್ನು ದಾಟಿ ಹೋಗಲು ಅವನಿಗೆ ಯಾವ ಸಂಕೋಚವೂ ಆಗಿರಲಿಲ್ಲ. ಇವತ್ತಿಗೂ ನನಗೆ ಹೊಟ್ಟೆ ಉರಿಯುವುದು ಅದಕ್ಕೇ.

ಆದರೂ ಮಾಡಿದ್ದನ್ನು ನೆಟ್ಟಗಾದರೂ ಮಾಡಿದ್ದರೇ? ಭಾನುವಾರವಾದ್ದರಿಂದ ನನ್ನ ಕಾರಿಗೆ ಸರಿಹೊಂದುವ ಫಿಲ್ಟರು ಸಿಕ್ಕಿರಲಿಲ್ಲ, ಹಳೆಯದನ್ನೇ ಬಿಟ್ಟಿದ್ದ. ಹೊಸ ಎಣ್ಣೆ ಹಾಕಿದ ಮೇಲೆ ಗಾಡಿಯ ಮೂತಿ ಮೇಲೆ ಇದ್ದಾಗಲೇ ಅಳತೆಕಡ್ಡಿ ನೋಡಿದ್ದ. ಎಣ್ಣೆಯೆಲ್ಲ ಹಿಂದಕ್ಕೆ ಸರಿದು ನಿಂತಿದ್ದರೆ ಕಡ್ಡಿ ಕಡಿಮೆ ತೋರಿಸದೆ ಇನ್ನೇನು ಮಾಡೀತು? ಡಬ್ಬದಲ್ಲಿದ್ದದ್ದು ಐದು ಲೀಟರು. ಗಾಡಿಗೆ ಬೇಕಾದದ್ದು ನಾಲ್ಕು, ಅದೂ ಫಿಲ್ಟರು ಬದಲಾಯಿಸಿದರೆ ಮಾತ್ರ. ಉಳಿದದ್ದು ಎಲ್ಲಿ ಎಂದು ಕೇಳಿದೆ.

“ಒಂದು ಲೀಟರ್ ಇಟ್ಕೊಂಡು ಏನ್ ಮಾಡ್ಲಿ? ಕೊಸರು ಅಂತ ಅದನ್ನೂ ಹಾಕ್ಬಿಟ್ಟೆ. ಜಾಸ್ತಿ ಆದ್ರೆ ಏನೂ ಆಗಲ್ಲ ಸುಮಾ, ಕಡಿಮೆ ಆದ್ರೆ ತಾನೇ ಕಷ್ಟ.”

ಹಾಲಿನವನು ಅಳತೆ ಮುಗಿದ ಮೇಲೆ ಒಂದು ಹನಿ ಹೆಚ್ಚಿಗೆ ಸುರಿಯದಿದ್ದರೆ ನಮಗೆ ಸಮಾಧಾನವಿಲ್ಲ. ಹೂವಿನವಳು ಮೊಳ ಹಾಕಿ ಮೇಲೆ ನಾಲ್ಕು ಬೆರಳು ಬಿಡಬೇಕು. ಕೊಸರು ಕೊಡದವನು ಜಿಪುಣ. ಆ ನ್ಯಾಯವನ್ನೇ ನಾಗೇಂದ್ರಣ್ಣ ಇಂಜಿನ್ನಿಗೂ ಅನ್ವಯಿಸಿದ್ದ. ಕಡಿಮೆಯಾದರೆ ಇಂಜಿನ್ನು ಹಾಳು ಎಂದು ನನಗೂ ಗೊತ್ತಿತ್ತು. ಹೆಚ್ಚಾದರೂ ಹಾಳು ಎಂದು ಗೊತ್ತಿರಲಿಲ್ಲ. ಜಗಳ ಆಡಲೂ ಹೊತ್ತಿರಲಿಲ್ಲ, ಅಕ್ಕನ ವಿಮಾನ ಆಗಲೇ ಅರ್ಧ ದಾರಿ ಬಂದಿತ್ತು. ಶಾರದಕ್ಕ ಕಟ್ಟಿಕೊಟ್ಟ ಹೋಳಿಗೆ ಡಬ್ಬಿಯನ್ನು ಹಿಂದಿನ ಸೀಟಿಗೆ ಎಸೆದು ಹನ್ನೊಂದೂಕಾಲಿಗೆ ಹೊರಟೆ.

ಯೆವ್ಲೆ ದಾಟಿ ಹೆದ್ದಾರಿಯಲ್ಲಿ ವೇಗ ನೂರಹತ್ತಕ್ಕೆ ಬಂದಾಗ ಸುಟ್ಟ ವಾಸನೆ ಬಂತು. ಹೊಲದಲ್ಲಿ ಯಾರೋ ಕಸ ಸುಡುತ್ತಿರಬೇಕು ಎಂದ ಗಿರೀಶ. ಸ್ವೀಡನ್ನಿನಲ್ಲಿ, ಭಾನುವಾರ, ಒದ್ದೆ ಹೊಲದಲ್ಲಿ. ತಿಯೆರ್ಪ್ ಹತ್ತಿರ ಬರುವ ಹೊತ್ತಿಗೆ ಹಿಂದಿನ ಕನ್ನಡಿಯಲ್ಲಿ ರಸ್ತೆ ಕಾಣಿಸದಷ್ಟು ನೀಲಿ ಹೊಗೆ. ಸ್ಟೇರಿಂಗ್ ಮುಂದಿನ ಫಲಕದಲ್ಲಿ ಹಳದಿ ಎಚ್ಚರಿಕೆ ದೀಪವೂ ಹೊತ್ತಿಕೊಂಡಿತು. ಹೆದ್ದಾರಿಯಿಂದ ಇಳಿಸಿ ಒಂದು ಬಂಕಿನ ಪಕ್ಕ ನಿಲ್ಲಿಸಿದೆ. ಹೊಸ ಕಾರಿನ ಜೊತೆ ಬಂದಿದ್ದ ತುರ್ತು ಸಹಾಯದ ನಂಬರಿಗೆ ಫೋನು ಮಾಡಿ, ಚಳಿಯಲ್ಲಿ ಕಾಲು ಕುಟ್ಟುತ್ತಾ ನಿಂತೆವು. ಅಕ್ಕನ ವಿಮಾನ ಇಳಿಯಲು ಇನ್ನು ಒಂದು ಗಂಟೆಯಷ್ಟೇ ಇತ್ತು. ಆರ್ಲಾಂಡಾ ಇನ್ನೂ ತೊಂಬತ್ತು ಕಿಲೋಮೀಟರ್ ಇತ್ತು.

ಗಾಡಿ ಎಳೆಯುವ ಲಾರಿ ಮುಕ್ಕಾಲು ಗಂಟೆಗೆ ಬಂತು. ಅದರ ಚಾಲಕ ಅಳತೆಕಡ್ಡಿ ಎಳೆದು, ಒರೆಸಿ, ಮತ್ತೆ ಹಾಕಿ ಎಳೆದು ನೋಡಿದ. ಎಣ್ಣೆ ಮೇಲಿನ ಗೆರೆ ದಾಟಿ ಎರಡು ಬೆರಳು ಏರಿತ್ತು. ಇಷ್ಟು ಎಣ್ಣೆಯಿದ್ದರೆ ಒಳಗೆ ತಿರುಗುವ ದಂಡ ಅದನ್ನು ಮಜ್ಜಿಗೆಯ ಹಾಗೆ ಕಡೆಯುತ್ತದೆ, ನೊರೆಯಾದ ಎಣ್ಣೆ ಯಾವುದನ್ನೂ ಕಾಪಾಡುವುದಿಲ್ಲ, ಹೆಚ್ಚಾದದ್ದು ಉರಿಯುವ ಕಡೆಗೆ ನುಗ್ಗಿ ಹೊಗೆಯಾಗುತ್ತದೆ ಎಂದು ಹೇಳಿದ. ಒಂದು ಅಡಿಯೂ ಓಡಿಸಬಾರದು. ತಿಯೆರ್ಪ್‌ನ ವರ್ಕ್‌ಶಾಪು ಇವತ್ತು ಮುಚ್ಚಿದೆ. ಒಳಗೆ ಏನಾಗಿದೆಯೋ ನಾಳೆಯೇ ಗೊತ್ತಾಗುವುದು. ಅತಿಯಾದರೆ ಅಮೃತವೂ ವಿಷ ಎಂದು ಚಿಕ್ಕಂದಿನಲ್ಲಿ ಕಾಪಿ ಬರೆದು ಕೈ ನೋಯಿಸಿಕೊಂಡವರು ನಾವು. ಬರೆದದ್ದೇ ಬಂತು.

ಗಿರೀಶ ನಾಗೇಂದ್ರಣ್ಣನಿಗೆ ಫೋನು ಮಾಡಲೇ ಎಂದು ಕೇಳಿದ. ಮಾಡಿದರೆ ನಿನ್ನನ್ನೂ ಇಲ್ಲೇ ಬಿಡುತ್ತೇನೆ ಅಂದೆ. ಅವನನ್ನು ಹೇಗೂ ಅಲ್ಲೇ ಬಿಡಬೇಕಿತ್ತು, ಕಾರನ್ನು ವರ್ಕ್‌ಶಾಪಿನ ಅಂಗಳದವರೆಗೆ ತಲುಪಿಸಲು. ಲಾರಿಯವನು ನನ್ನನ್ನು ತಿಯೆರ್ಪ್ ರೈಲ್ವೆ ಸ್ಟೇಷನ್ನಿನಲ್ಲಿ ಇಳಿಸಿದ. ರೈಲು ಆಗಷ್ಟೇ ಹೋಗಿತ್ತು. ಮುಂದಿನದಕ್ಕೆ ಕಾದು, ಉಪ್ಸಾಲಾದಲ್ಲಿ ಇಳಿದು, ಓಡಿ ಇನ್ನೊಂದು ರೈಲು ಹಿಡಿದೆ. ಕಾರು ಕೆಟ್ಟಿದೆ, ಅಲ್ಲೇ ಕೂತಿರು, ಬರ್ತಿದ್ದೀನಿ ಎಂದು ಅಕ್ಕನಿಗೆ ಕಳಿಸಿದ ಸಂದೇಶ ಅವಳ ಫೋನನ್ನು ಮುಟ್ಟಿರಲೇ ಇಲ್ಲ. ಕನ್ನಡ ಬಿಟ್ಟು ಬೇರೆ ಭಾಷೆ ಬಾರದವಳು. ಸೀರೆ, ಸ್ವೆಟರು, ಚಪ್ಪಲಿಯಲ್ಲಿ ಬಂದಿರುವವಳು. ಕಿಟಕಿಯಾಚೆ ಬಯಲು ಓಡುತ್ತಿತ್ತು, ನಾನು ಒಳಗೆ ಕೂತು ನಾಗೇಂದ್ರಣ್ಣನಿಗೆ ಹೇಳಬೇಕಾದ ಮಾತುಗಳನ್ನು ಒಂದೊಂದಾಗಿ ಹಲ್ಲು ಕಚ್ಚಿ ಜೋಡಿಸುತ್ತಿದ್ದೆ. ಭಾವನಿಗೆ ಏನು ಹೇಳಬೇಕು ಎನ್ನುವುದು ಮಾತ್ರ ಹೊಳೆಯಲಿಲ್ಲ. ‘ನಾನು ಹೇಳಿರಲಿಲ್ವಾ?’ ಅನ್ನುವ ಅವರ ಧ್ವನಿ ಆಗಲೇ ಕಿವಿಯಲ್ಲಿ ಕೇಳಿಸುತ್ತಿತ್ತು.

ಆರ್ಲಾಂಡಾದ ನೆಲದಡಿಯ ಸ್ಟೇಷನ್ನಿನಿಂದ ಹೊರಗೆ ಬರಬೇಕಾದರೆ ಟಿಕೆಟ್ಟಿನ ಮೇಲೆ ಇನ್ನೊಂದು ಶುಲ್ಕ ತೆರಬೇಕು. ರೈಲಿಗಲ್ಲ, ಬರೀ ಸ್ಟೇಷನ್ನಿನಿಂದ ಹೊರಬೀಳುವುದಕ್ಕೆ. ಬೇರೆ ದಿನವಾಗಿದ್ದರೆ ಗೇಟಿನವಳ ಜೊತೆ ಅದಕ್ಕೂ ಒಂದು ಜಗಳ ಆಡುತ್ತಿದ್ದೆ. ಅವತ್ತು ಕಾರ್ಡು ತೋರಿಸಿ ಓಡಿದೆ. ಎಸ್ಕಲೇಟರಿನ ಮೇಲೂ ಓಡಿದೆ. ಅಕ್ಕ ಹೊರಗೆ ಬಂದು ಒಂದು ಗಂಟೆಯ ಮೇಲಾಗಿತ್ತು.

ಹೊರಬಾಗಿಲಿನ ಎದುರು, ಕಾಫಿ ಅಂಗಡಿಯ ಪಕ್ಕದ ಬೆಂಚಿನಲ್ಲಿ ನನಗೆ ಬೆನ್ನು ಮಾಡಿ ಕೂತಿದ್ದಳು. ಎರಡು ಸೂಟ್‌ಕೇಸುಗಳನ್ನು ಮೊಣಕಾಲಿಗೆ ಒತ್ತಿಕೊಂಡು, ಸೆರಗು ಹೊದ್ದು, ಫೋನು ಕಿವಿಗೆ ಹಿಡಿದಿದ್ದಳು. ಕಾಫಿ ಅಂಗಡಿಯ ಹುಡುಗಿ ಅವಳ ಫೋನನ್ನು ಅಲ್ಲಿಯ ವೈಫೈಗೆ ಸೇರಿಸಿಕೊಟ್ಟಿದ್ದಳು ಎಂದು ಆಮೇಲೆ ತಿಳಿಯಿತು. ಸೇರಿಸಿದ್ದೇ ತಡ, ನನ್ನ ಸಂದೇಶಕ್ಕಿಂತ ಮೊದಲು ಭಾವನ ಕರೆ ಬಂದಿತ್ತು. ನಾನು ಹತ್ತಿರ ಹೋಗುವಾಗ ಅವಳ ಮಾತು ಕೇಳಿಸಿತು.

“ಹೂಂ ರೀ, ಬಾಗಿಲಲ್ಲೇ ನಿಂತಿದ್ಲು. ಈಗ ಕಾಫಿ ತರೋಕೆ ಹೋಗಿದ್ದಾಳೆ. ಬಂದ್ಮೇಲೆ ಮಾತಾಡಿಸ್ತೀನಿ.”

ಅಲ್ಲೇ ನಿಂತೆ. ನಾನು ಬರುತ್ತೇನೋ ಇಲ್ಲವೋ ಗೊತ್ತಿಲ್ಲದೆ, ಗುರುತಿಲ್ಲದ ದೇಶದಲ್ಲಿ ಒಬ್ಬಳೇ ಕೂತು, ಅವಳು ನನ್ನ ಮಾತನ್ನು ಉಳಿಸುತ್ತಿದ್ದಳು. ಫೋನಿಟ್ಟು ತಿರುಗಿ ನನ್ನನ್ನು ನೋಡಿದಳು. ಅಳುತ್ತಾಳೆ ಎಂದುಕೊಂಡೆ, ಅಳಲಿಲ್ಲ. ಸಿಟ್ಟಿನಿಂದ ಮುಖ ಕೆಂಪಗಾಗಿತ್ತು. ಎಲ್ಲಿ ಹಾಳಾಗಿ ಹೋಗಿದ್ದೆ ಎಂದು ಬೈದಳು. ನಾನು ಅಲ್ಲೇ ಕೂತು ಎಲ್ಲವನ್ನೂ ಹೇಳಿದೆ. ಬೇಡ ಅಂದಿದ್ದೆ ತಾನೇ ಎಂದು ನಡುವೆ ಕೇಳಿದಳು. ಗಿರೀಶನ ಎದುರಿಗೇ ಅಂದಿದ್ದೆ ಅಂದೆ. ಅಕ್ಕ ತಾನು ಹೇಳಿದ ಸುಳ್ಳು ತನಗೇ ನುಂಗಲಾಗುತ್ತಿಲ್ಲ ಎಂದಳು. ಅಷ್ಟು ದೂರ ಒಬ್ಬಳೇ ಬಂದು, ವಿಮಾನ ಬದಲಾಯಿಸಿ, ಕಾಯುವುದೂ ಕಾದಾಯಿತು; ಆದರೂ ಯಾರೋ ಬಾಗಿಲಲ್ಲಿ ಇದ್ದರು ಎಂದು ಹೇಳಿದರೇ ಅದಕ್ಕೆ ಬೆಲೆ ಎಂದು ಅವಳಿಗೆ ಉರಿಯುತ್ತಿತ್ತು.

ಸೋಮವಾರ ವರ್ಕ್‌ಶಾಪಿನಿಂದ ಫೋನು ಬಂತು. ಕಡ್ಡಿ ಹಾಕುವ ಕೊಳವೆಯಲ್ಲೇ ಪಂಪಿನ ಪೈಪು ಇಳಿಸಿ ಎಣ್ಣೆಯನ್ನೆಲ್ಲ ಹೀರಿ ತೆಗೆದು, ಫಿಲ್ಟರು ಬದಲಾಯಿಸಿ, ಅಳತೆಗೆ ಸರಿಯಾಗಿ ಹೊಸ ಎಣ್ಣೆ ಹಾಕಿದ್ದರು. ಬೇಗ ನಿಲ್ಲಿಸಿದ್ದರಿಂದ ಇಂಜಿನ್ನು ಬದುಕಿತ್ತು. ಸಂಜೆ ನಾಗೇಂದ್ರಣ್ಣನೂ ಫೋನು ಮಾಡಿದ. ಈಗಿನ ಗಾಡಿಗಳು ಬಹಳ ಸೂಕ್ಷ್ಮ ಎಂದು ಗಾಡಿಯ ಮೇಲೇ ತಪ್ಪು ಹೊರಿಸಿದ. ಅವನ ಕುಕ್ಕರನ್ನೂ ಹೊದಿಕೆಯನ್ನೂ ನಾನು ಮರೆತಿಲ್ಲ, ಆದರೆ ಅವತ್ತು ಬಾಯಿ ಕಟ್ಟಿಕೊಳ್ಳಲಿಲ್ಲ. ಎಣ್ಣೆ ಹೆಚ್ಚಾದದ್ದಕ್ಕೆ ನನಗೆ ಸಿಟ್ಟಿಲ್ಲ ನಾಗೇಂದ್ರಣ್ಣ, ನಾನು ಬೇಡ ಅಂದದ್ದು ನಿಮಗೆ ಲೆಕ್ಕಕ್ಕೇ ಬರಲಿಲ್ಲವಲ್ಲ, ಅದಕ್ಕೆ ಸಿಟ್ಟು ಅಂದೆ.

ಮಂಗಳವಾರ ರಜೆ ಹಾಕಿ ಕಾರು ತರಲು ಹೊರಟೆ. ಜೊತೆಗೆ ಬರುತ್ತೇನೆ ಎಂದ ಗಿರೀಶನಿಗೆ, ಮನೆಯಲ್ಲೇ ಕೂತು ಲೈಸೆನ್ಸಿನ ಪುಸ್ತಕ ಓದು ಎಂದೆ. ಅಕ್ಕ ನನ್ನ ಹಳೆಯ ಬೂಟು, ಗಿರೀಶನ ದಪ್ಪ ಜಾಕೆಟ್ಟು ಹಾಕಿಕೊಂಡು ಬಂದಳು. ತಿಯೆರ್ಪ್‌ನಲ್ಲಿ ಬಿಸಿಲಿತ್ತು. ವರ್ಕ್‌ಶಾಪಿನ ಸಮತಟ್ಟು ಅಂಗಳದಲ್ಲಿ ನಾನೇ ಕಡ್ಡಿ ಎಳೆದು ನೋಡಿದೆ. ಎರಡು ಗೆರೆಗಳ ನಡುವೆ, ಜೇನುತುಪ್ಪದ ಬಣ್ಣದ ಎಣ್ಣೆ. ಅಕ್ಕನಿಗೂ ತೋರಿಸಿದೆ. ಶಾರದಕ್ಕನ ಹೋಳಿಗೆ ಡಬ್ಬಿ ಇನ್ನೂ ಹಿಂದಿನ ಸೀಟಿನಲ್ಲೇ ಇತ್ತು, ಚಳಿಗೆ ಹೋಳಿಗೆ ಕೆಟ್ಟಿರಲಿಲ್ಲ. ದಾರಿಯುದ್ದಕ್ಕೂ ಇಬ್ಬರೂ ಅದನ್ನೇ ತಿಂದೆವು.

ಉಪ್ಸಾಲಾ ಹತ್ತಿರ ಬರುವಾಗ ಭಾವನ ಫೋನು ಬಂತು. ಎಲ್ಲಿದ್ದೀರಿ ಎಂದು ಕೇಳಿದರು. ಕಾರಿನಲ್ಲಿ ಎಂದಳು ಅಕ್ಕ. ಗಿರೀಶ ಓಡಿಸುತ್ತಿದ್ದಾನಾ, ನಿಧಾನ ಹೋಗಲು ಹೇಳು ಎಂದರು. ನಾನು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ಅಕ್ಕ ಕೈಯಲ್ಲಿದ್ದ ಹೋಳಿಗೆಯನ್ನು ಡಬ್ಬಿಗೆ ಇಟ್ಟು, ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು.

“ಇಲ್ಲ ರೀ, ನಾವಿಬ್ರೇ ಇದ್ದೀವಿ. ಸುಮಾ ಓಡಿಸ್ತಿದ್ದಾಳೆ. ಮತ್ತೆ ಇನ್ನೊಂದು ಮಾತು. ಅವತ್ತು ಸುಮಾ ಬಾಗಿಲಲ್ಲಿ ಇರ್ಲಿಲ್ಲ. ಒಂದು ಗಂಟೆ ಮೇಲೆ ನಾನೊಬ್ಳೇ ಕೂತಿದ್ದೆ. ಏನೂ ಆಗ್ಲಿಲ್ಲ.”